ವೆಬ್‌ಸೈಟಲ್ಲಿ ಗ್ರಾಹಕರ ಸಂಖ್ಯೆ ಹಾಕಬೇಕೋ ಬೇಡವೋ? ನಮ್ಮದು 318, ಎದುರಾಳಿಯದು "10,000+"

ಬ್ಯಾಚ್‌ನಂಬರ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಕೊಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಈಗ ಮೂರನೇ ವರ್ಷ. ದಾವಣಗೆರೆ, ಚಿತ್ರದುರ್ಗ, ಹಾವೇರಿ ಜಿಲ್ಲೆಗಳಲ್ಲೇ ಹೆಚ್ಚಿನ ವ್ಯಾಪಾರ. ವರ್ಷದ ಚಂದಾ, ಪಟ್ಟಿ ದರ ₹9,600.

ಲೆಕ್ಕ ಹೀಗಿದೆ: ಟ್ರಯಲ್‌ಗೆ ಹೆಸರು ಕೊಟ್ಟ ಅಂಗಡಿಗಳು 1,160. ಒಂದು ಸಲವಾದರೂ ದುಡ್ಡು ಕಟ್ಟಿದವರು 412. ಸದ್ಯ ಚಂದಾ ಚಾಲ್ತಿಯಲ್ಲಿರುವವರು 318.

ಡೆಮೊಗೆ ಹೋದಲ್ಲೆಲ್ಲ ಮೊದಲ ಪ್ರಶ್ನೆ "ಎಷ್ಟು ಜನ ಹಾಕಿಸಿದಾರೆ?" ಅಂತಲೇ. ಎದುರಾಳಿ ಕಂಪನಿಯ ಸೈಟಲ್ಲಿ 10,000+ ಅಂತ ದೊಡ್ಡದಾಗಿ ಕುಣಿಯುತ್ತಿದೆ. ಪಾಲುದಾರರು "1,000+ ಅಂಗಡಿಗಳ ನಂಬಿಕೆ ಅಂತ ಹಾಕೋಣ, 1,160 ಇದಾವಲ್ಲ" ಅಂತಾರೆ. ಆಡಿಟರ್ ಹೇಳೋದು ಏನೂ ಹಾಕಬೇಡಿ ಅಂತ. 318 ಅಂತ ಇದ್ದದ್ದನ್ನೇ ಹಾಕಿದರೆ ಜನ ನಂಬ್ತಾರೋ, ಚಿಕ್ಕವರು ಅಂತ ಬಿಟ್ಟು ಹೋಗ್ತಾರೋ? ಈ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ತುಂಗೆದಂಡೆ:

1,160 ಅನ್ನು ಮೊದಲು ತಲೆಯಿಂದ ತೆಗೆದುಹಾಕಿ ಸರ್. ಟ್ರಯಲ್ ತೆಗೆದುಕೊಂಡು ಎದ್ದು ಹೋದವನು ನಿಮ್ಮನ್ನು ನಂಬಿದವನಲ್ಲ, ನೋಡಿ ಬೇಡ ಅಂದವನು. ದಾವಣಗೆರೆಯಂಥ ಊರಲ್ಲಿ ಮೆಡಿಕಲ್‌ನವರಿಗೆಲ್ಲ ಒಬ್ಬರಿಗೊಬ್ಬರ ಪರಿಚಯ ಇರುತ್ತೆ. "ಅವರ ಪಟ್ಟಿಯಲ್ಲಿ ನಾನೂ ಇದೀನಾ? ನಾನು ಹಾಕಿಸೇ ಇಲ್ವಲ್ಲ" ಅಂತ ಒಬ್ಬ ಅಂದರೆ ಆ ಬೀದಿಯ ವ್ಯಾಪಾರ ಮುಗಿದ ಹಾಗೆ.

318 ಕೂಡ ಇನ್ನೂ ಸೋಸದ ಸಂಖ್ಯೆ. ವರ್ಷದ ಚಂದಾ ಆದ್ದರಿಂದ ನಾಲ್ಕನೇ ತಿಂಗಳಿಗೇ ಬಳಸೋದು ಬಿಟ್ಟವನೂ ಹನ್ನೆರಡನೇ ತಿಂಗಳವರೆಗೆ "ಚಾಲ್ತಿ" ಅಂತಲೇ ತೋರಿಸ್ತಾನೆ. ಮೆಡಿಕಲ್ ಶಾಪ್ ದಿನಾ ಬಿಲ್ ಹೊಡೆಯುವ ಜಾಗ. ಹಾಗಾಗಿ ನಿಮ್ಮ ವ್ಯಾಪಾರಕ್ಕೆ "ಸಕ್ರಿಯ" ಅಂದರೆ ಚಂದಾ ಚಾಲ್ತಿಯಲ್ಲಿರಬೇಕು, ಜೊತೆಗೆ ಕಳೆದ 30 ದಿನಗಳಲ್ಲಿ ಕನಿಷ್ಠ 20 ದಿನ ಬಿಲ್ ಆಗಿರಬೇಕು. ಲಾಗಿನ್ ಎಣಿಸಬೇಡಿ. ದರ ನೋಡೋಕೆ, ಹಳೇ ಬಿಲ್ ಹುಡುಕೋಕೆ ಲಾಗಿನ್ ಆಗುವವರು ಬಹಳ. ನಿಮ್ಮದರಲ್ಲಿ ಇಂಟರ್‌ನೆಟ್ ಇಲ್ಲದಾಗಲೂ ಬಿಲ್ ಆಗುವ ಸೌಲಭ್ಯ ಇದ್ದರೆ ಸಿಂಕ್ ಆದ ದಿನಾಂಕ ಬೇಡ, ಬಿಲ್ಲಿನ ಮೇಲಿರುವ ದಿನಾಂಕ ಹಿಡಿಯಿರಿ. ಇಲ್ಲದಿದ್ದರೆ ಹತ್ತು ದಿನ ನೆಟ್ ಇಲ್ಲದೆ ಒಂದೇ ಸಲ ಸಿಂಕ್ ಮಾಡಿದ ಹಳ್ಳಿ ಅಂಗಡಿ ಒಂದೇ ದಿನ ಬಳಸಿದ ಹಾಗೆ ಕಾಣುತ್ತೆ, ಸುಮ್ಮನೆ ಲೆಕ್ಕದಿಂದ ಬಿದ್ದುಹೋಗುತ್ತೆ.

ಆಮೇಲೆ ನೀವು ಎಣಿಸುತ್ತಿರುವುದು ಅಂಗಡಿಯನ್ನೋ ಮಾಲೀಕನನ್ನೋ ಅನ್ನೋದು ತೀರ್ಮಾನ ಆಗಬೇಕು. ಒಬ್ಬನೇ ಮಾಲೀಕನಿಗೆ ಹರಿಹರದಲ್ಲೊಂದು, ದಾವಣಗೆರೆಯಲ್ಲಿ ಮೂರು ಅಂಗಡಿ ಇದ್ದರೆ ಅದು 1 ಗ್ರಾಹಕ, 4 ಅಂಗಡಿ. ಒಂದೇ ರಾಜ್ಯದೊಳಗಿನ ಶಾಖೆಗಳಿಗೆಲ್ಲ ಒಂದೇ ಜಿಎಸ್‌ಟಿ ನಂಬರ್ ಸಾಕಾಗೋದರಿಂದ ಅದರ ಮೇಲೆ ಎಣಿಸಿದರೆ ಅಂಗಡಿ ಕಡಿಮೆ ಬರುತ್ತೆ. ಡ್ರಗ್ ಲೈಸೆನ್ಸ್ ಮೇಲೆ ಎಣಿಸಿದರೆ ಇನ್ನೊಂದು ಎಡವಟ್ಟು. ಚಿಲ್ಲರೆ ಅಂಗಡಿಗೆ ಫಾರ್ಮ್ 20 ಮತ್ತು ಫಾರ್ಮ್ 21 ಅಂತ ಎರಡು ಲೈಸೆನ್ಸ್ ಇರುತ್ತೆ. ಎರಡೂ ನಂಬರ್ ಬೇರೆ ಬೇರೆ ಸಾಲಲ್ಲಿ ಕೂತಿದ್ದರೆ ಒಂದು ಅಂಗಡಿ ಎರಡಾಗುತ್ತೆ. ಫಾರ್ಮ್ 20 ಒಂದನ್ನೇ ಹಿಡಿದು ಎಣಿಸಿ. 20ಬಿ, 21ಬಿ (ಸಗಟು ಲೈಸೆನ್ಸ್) ಇರುವ ಸ್ಟಾಕಿಸ್ಟ್‌ಗಳನ್ನು ಬೇರೆ ಗುಂಪು ಮಾಡಿ. ನಿಮ್ಮ ಡೆಮೊ ಖಾತೆ, ಸಿಬ್ಬಂದಿಯ ಪರೀಕ್ಷಾ ಖಾತೆ, ಬಂಧುಗಳಿಗೆ ಪುಕ್ಕಟೆ ಕೊಟ್ಟದ್ದು ಎಲ್ಲ ಆಚೆ.

ಇದು ಸಣ್ಣವರ ಚಿಂತೆ ಮಾತ್ರ ಅಂದುಕೋಬೇಡಿ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ತಿಂಗಳ ವರದಿಯಲ್ಲಿ ಮೊಬೈಲ್ ಕಂಪನಿಗಳ ಒಟ್ಟು ಚಂದಾದಾರರ ಪಕ್ಕದಲ್ಲೇ ವಿಎಲ್ಆರ್ ಅಂತ ಸಕ್ರಿಯ ಸಂಖ್ಯೆ ಕೊಡುತ್ತೆ. ಡ್ರಾಯರಲ್ಲಿ ಸತ್ತು ಬಿದ್ದ ಸಿಮ್ ಮೊದಲನೆಯದರಲ್ಲಿ ಸೇರುತ್ತೆ, ಎರಡನೆಯದರಲ್ಲಿ ಇಲ್ಲ. ಷೇರು ಬ್ರೋಕರ್‌ಗಳದ್ದೂ ಹಾಗೇ. ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಪಟ್ಟಿಯಲ್ಲಿ ಕಳೆದ 12 ತಿಂಗಳಲ್ಲಿ ಒಮ್ಮೆಯಾದರೂ ವಹಿವಾಟು ಮಾಡಿದವನೇ ಸಕ್ರಿಯ ಗ್ರಾಹಕ. 2023ರಲ್ಲಿ ಗ್ರೋ ಕಂಪನಿ ನಮ್ಮ ಬೆಂಗಳೂರಿನ ಜೆರೋಧಾವನ್ನು ಹಿಂದೆ ಹಾಕಿತು ಅಂತ ಸುದ್ದಿಯಾದದ್ದು ಈ ಲೆಕ್ಕದ ಮೇಲೆ. ತೆರೆದ ಖಾತೆಗಳ ಸಂಖ್ಯೆಯನ್ನು ಆ ಜಾಹೀರಾತು, ಈ ಜಾಹೀರಾತು ಎಷ್ಟು ಬೇಕಾದರೂ ಹೇಳಲಿ, ಹೋಲಿಕೆಗೆ ಬಂದಾಗ ಎಲ್ಲರೂ ನೋಡಿದ್ದು ಒಂದೇ ವ್ಯಾಖ್ಯೆಯನ್ನು.

ಇಷ್ಟೆಲ್ಲ ಸೋಸಿದ ಮೇಲೆ ನಿಮ್ಮದು 270 ಅಂತ ಬಂತು ಅಂತಿಟ್ಟುಕೊಳ್ಳಿ. ಅದನ್ನೇ ಹಾಕಿ. "ಮಾರ್ಚ್ 31ಕ್ಕೆ ತಿಂಗಳಲ್ಲಿ ಕನಿಷ್ಠ 20 ದಿನ ಬಿಲ್ ಮಾಡುತ್ತಿರುವ ಅಂಗಡಿಗಳು: 270" ಅನ್ನೋ ಸಾಲಿಗೆ ಇರುವ ತೂಕ 10,000+ ಗೆ ಇಲ್ಲ. ಪ್ಲಸ್ ಚಿಹ್ನೆ ಕಂಡರೇ ಈಗ ಯಾರೂ ಓದಲ್ಲ.

ಲೆಡ್ಜರ್‌ಲೋಕ:

ಮೇಲಿನವರ ಎಣಿಕೆ ಸರಿ. ಪ್ರಕಟಣೆ ವಿಷಯದಲ್ಲಿ ಮಾತ್ರ ನಿಮ್ಮ ಆಡಿಟರ್ ಭಯಕ್ಕೂ ಕಾರಣ ಇದೆ, ಅದನ್ನು ಬಿಡಿಸಿ ಹೇಳ್ತೀನಿ.

ಪ್ರೈವೇಟ್ ಲಿಮಿಟೆಡ್ ಆದ್ದರಿಂದ ಪ್ರತಿ ವರ್ಷ ಎಜಿಎಂ (ವಾರ್ಷಿಕ ಸಭೆ) ಆದ 30 ದಿನದೊಳಗೆ ಎಒಸಿ-4 ಫಾರ್ಮಿನಲ್ಲಿ ಲೆಕ್ಕಪತ್ರ ಸಲ್ಲಿಸ್ತೀರಿ. ಎಂಸಿಎ (ಕಂಪನಿ ವ್ಯವಹಾರ ಸಚಿವಾಲಯ) ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು. ಈಗ ನಿಮ್ಮ ಸೈಟ್ ಏಪ್ರಿಲ್‌ನಲ್ಲಿ 250, ಮುಂದಿನ ಮಾರ್ಚ್‌ನಲ್ಲಿ 318 ಅಂದಿತು ಅಂತಿರಲಿ. ಸರಾಸರಿ 284. ಎಒಸಿ-4ರಲ್ಲಿ ಆದಾಯ ₹20.4 ಲಕ್ಷ. ಭಾಗಿಸಿದರೆ ಅಂಗಡಿಗೆ ₹7,200 ಆಸುಪಾಸು. ಪಟ್ಟಿ ದರ ₹9,600 ಅಂತ ಸೈಟಲ್ಲೇ ಇದೆ. ಅಂದರೆ ನೀವು ಸರಾಸರಿ ಕಾಲು ಭಾಗ ರಿಯಾಯಿತಿ ಕೊಡ್ತೀರಿ ಅಂತ ಎದುರಾಳಿಯ ಮಾರಾಟದ ಹುಡುಗನಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಅವನು ಅದನ್ನು ನಿಮ್ಮ ಗಿರಾಕಿಯ ಕಿವಿಗೆ ಹಾಕ್ತಾನೆ. ಪ್ರೊಪ್ರೈಟರ್‌ಶಿಪ್ ಆಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಹಾಗಂತ ಮುಚ್ಚಿಡಿ ಅನ್ನುತ್ತಿಲ್ಲ. ತಿಂಗಳಿಗೊಮ್ಮೆ ಬದಲಾಯಿಸಬೇಡಿ, ವರ್ಷಕ್ಕೆ ಒಂದೋ ಎರಡೋ ಸಲ ಸಾಕು. ಮತ್ತು ಆ ದಿನಾಂಕ ಮಾರ್ಚ್ 31 ಆಗದಿರಲಿ, ಲೆಕ್ಕಪತ್ರದ ದಿನಕ್ಕೆ ಸರಿಯಾಗಿ ಕೂರುತ್ತೆ. ಜೂನ್ 30, ಡಿಸೆಂಬರ್ 31 ಇಟ್ಟುಕೊಳ್ಳಿ. ಪೂರ್ತಿ ಮರೆಯಾಗಲ್ಲ, ಆದರೆ ಭಾಗಾಕಾರ ಮಸುಕಾಗುತ್ತೆ.

ಕಾನೂನಿನ ಕಡೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ ಮೊದಲ ಸಲಕ್ಕೆ ₹10 ಲಕ್ಷ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. "ನಾವು ಮಾರೋದು ವ್ಯಾಪಾರಿಗಳಿಗೆ, ಗ್ರಾಹಕರಿಗಲ್ಲ" ಅನ್ನೋ ವಾದ ಇಲ್ಲಿ ಗಟ್ಟಿ ನಿಲ್ಲಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವನೂ ಆ ಕಾಯ್ದೆಯಲ್ಲಿ ಗ್ರಾಹಕನೇ, ಗಂಡ ಹೆಂಡತಿ ಸೇರಿ ನಡೆಸುವ ಮೆಡಿಕಲ್ ಅದೇ ತಾನೆ. 2023ರ ಡಾರ್ಕ್ ಪ್ಯಾಟರ್ನ್ (ಕೊಳ್ಳುವವನನ್ನು ದಾರಿತಪ್ಪಿಸುವ ಪುಟ ವಿನ್ಯಾಸ) ಮಾರ್ಗಸೂಚಿಯಲ್ಲಿ ಸುಳ್ಳು ಜನಪ್ರಿಯತೆ ತೋರಿಸಿ ಕೊಳ್ಳುವಂತೆ ಅವಸರಿಸುವುದನ್ನೂ ಹೆಸರಿಸಿದ್ದಾರೆ. ಇನ್ನೊಂದು ಸಣ್ಣ ಸಂಗತಿ ಬಹಳ ಜನ ಬಿಡ್ತಾರೆ. 2022ರ ಜಾಹೀರಾತು ಮಾರ್ಗಸೂಚಿ ಪ್ರಕಾರ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ "270 ಅಂಗಡಿಗಳು" ಅಂತ ಹಾಕಿ ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಬರೆಯುವಂತಿಲ್ಲ.

ಪ್ರಕಟಿಸುವ ಮೊದಲು ಸಂಖ್ಯೆಯನ್ನು ಜಿಎಸ್‌ಟಿಆರ್-1ರ (ಮಾರಾಟದ ಬಿಲ್‌ಗಳ ಜಿಎಸ್‌ಟಿ ರಿಟರ್ನ್) ಜೊತೆ ತಾಳೆ ನೋಡಿ. ವರ್ಷದ ಚಂದಾ ಆದ್ದರಿಂದ ಒಂದು ತಿಂಗಳ ರಿಟರ್ನ್ ಸಾಲದು, ಹನ್ನೆರಡು ತಿಂಗಳದ್ದು ಬೇಕು. ಕ್ಯೂಆರ್‌ಎಂಪಿಯಲ್ಲಿದ್ದರೆ (ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆ) ನಾಲ್ಕು ತ್ರೈಮಾಸಿಕದ್ದು. ಟೇಬಲ್ 4ರಲ್ಲಿ (ನೋಂದಣಿ ಇರುವವರಿಗೆ ಕೊಟ್ಟ ಬಿಲ್‌ಗಳು) ಇರುವ ಜಿಎಸ್‌ಟಿ ನಂಬರ್‌ಗಳನ್ನು ಎಕ್ಸೆಲ್‌ಗೆ ಇಳಿಸಿ, ಡೂಪ್ಲಿಕೇಟ್ ತೆಗೆದು, ಟೇಬಲ್ 9ಬಿಯಲ್ಲಿ ಪೂರ್ತಿ ಕ್ರೆಡಿಟ್ ನೋಟ್ (ಬಿಲ್ ವಾಪಸ್) ಹೋದವರನ್ನು ಕಳೆಯಿರಿ. ಕಾಂಪೊಸಿಷನ್‌ನವರಿಗೂ (ಸರಳ ತೆರಿಗೆ ಯೋಜನೆಯ ಸಣ್ಣ ವ್ಯಾಪಾರಿಗಳು) ನಂಬರ್ ಇರುತ್ತೆ, ಅವರೂ ಟೇಬಲ್ 4ರಲ್ಲೇ ಸಿಗ್ತಾರೆ. ನೋಂದಣಿ ಇಲ್ಲದ ಸಣ್ಣ ಅಂಗಡಿಗಳು ಟೇಬಲ್ 7ರಲ್ಲಿ ಒಟ್ಟು ಮೊತ್ತವಾಗಿ ಕೂತಿರುತ್ತವೆ, ಎಣಿಸೋಕಾಗಲ್ಲ, ಅವನ್ನು ಬಿಲ್ ಬುಕ್‌ನಿಂದ ಸೇರಿಸಬೇಕು. ಎರಡೂ ಕಡೆಯ ಲೆಕ್ಕದಲ್ಲಿ ನಾಲ್ಕೈದರ ವ್ಯತ್ಯಾಸ ಸಹಜ. ಮೂವತ್ತು ನಲವತ್ತು ಬಂದರೆ ಎಲ್ಲೋ ಪುಕ್ಕಟೆ ಖಾತೆ ನುಸುಳಿದೆ ಅಂತರ್ಥ. ಆ ಎಕ್ಸೆಲ್ ಹಾಳೆಗೆ ದಿನಾಂಕ ಹಾಕಿ ಎತ್ತಿಡಿ, ನಾಳೆ ಯಾರಾದರೂ ಆಧಾರ ಕೇಳಿದರೆ ತೋರಿಸೋಕೆ ಅದೇ ಬೇಕು.

ಪ್ಯಾಟಿಮಂದಿ:

ನೀವಿಬ್ಬರೂ ಎಣಿಸೂದು ಹೆಂಗ ಅಂತ ಚಂದ ಹೇಳಿದ್ರಿ. ಹಾಕಬೇಕಾ ಅನ್ನೂದಕ್ಕ ನನ್ನ ಉತ್ತರ: ಒಟ್ಟು ಸಂಖ್ಯಾ ಬ್ಯಾಡ.

ಅಂಗಡಿಯವ್ರು "ಎಷ್ಟು ಮಂದಿ ಹಾಕಿಸ್ಯಾರ" ಅಂತ ಬಾಯಲ್ಲಿ ಕೇಳಿದ್ರೂ ಅವ್ರ ಮನಸ್ಸಿನ್ಯಾಗ ಇರೂದು ಬ್ಯಾರೆ. "ನಾಳೆ ನೀವು ಅಂಗಡಿ ಮುಚ್ಚಿದ್ರ ನನ್ನ ಸ್ಟಾಕ್ ಗತಿ ಏನು? ಎಕ್ಸ್‌ಪೈರಿ ಮಾಲು ವಾಪಸ್ ಕಳಸೂ ಹೊತ್ತಿಗೆ ಬ್ಯಾಚ್ ಲೆಕ್ಕ ತಪ್ಪಿದ್ರ? ಡ್ರಗ್ ಇನ್‌ಸ್ಪೆಕ್ಟರ್ ಬಂದು ಎಚ್1 ರಿಜಿಸ್ಟರ್ (ಕಟ್ಟುನಿಟ್ಟಿನ ಎಚ್1 ಪಟ್ಟಿಯ ಔಷಧಿ ಮಾರಿದ ದಾಖಲೆ) ಕೇಳಿದಾಗ ಸಾಫ್ಟ್‌ವೇರ್ ತೆರೀಲಿಲ್ಲಂದ್ರ?" ಎಚ್1 ದಾಖಲೆ ಮೂರು ವರ್ಷ ಇಡಬೇಕು, ನಿಮ್ಮ ಕಂಪನಿ ವಯಸ್ಸೇ ಮೂರು ವರ್ಷ! 318 ಅಂದ್ರೂ 3,180 ಅಂದ್ರೂ ಆ ಅಂಜಿಕಿ ಹೋಗೂದಿಲ್ಲ.

ಅದರ ಬದಲಿ ಡೆಮೊದಾಗ ಇದನ್ನ ಮಾಡಿ ತೋರಸ್ರಿ. ಪೂರ್ತಿ ಸ್ಟಾಕ್, ಬ್ಯಾಚ್, ಎಕ್ಸ್‌ಪೈರಿ, ಎಂಆರ್‌ಪಿ, ಎಚ್1 ರಿಜಿಸ್ಟರ್ ಎಲ್ಲಾ ಒಂದು ಗುಂಡಿ ಒತ್ತಿದ್ರ ಎಕ್ಸೆಲ್ ಮತ್ತ ಪಿಡಿಎಫ್ ಆಗಿ ಅವ್ರ ಪೆನ್‌ಡ್ರೈವ್‌ಗೆ ಇಳೀಬೇಕು. ಅವ್ರ ಕಣ್ಣೆದುರಿಗೇ ಇಳೀಬೇಕು. ಚಂದಾ ಮುಗಿದ ಮ್ಯಾಲೂ 90 ದಿನ ಈ ಗುಂಡಿ ನಡೀತದ ಅಂತ ಕರಾರಿನ್ಯಾಗ ಒಂದು ಸಾಲು ಬರೀರಿ. ಹೊಸಾ ಕಂಪನಿ ಮ್ಯಾಲಿನ ಅನುಮಾನಕ್ಕ ಇದಕ್ಕಿಂತ ಛಲೋ ಮದ್ದು ನಾ ನೋಡಿಲ್ಲ.

ಸಂಖ್ಯಾ ಹೇಳಲೇಬೇಕು ಅಂದ್ರ ಊರಿನ ಸಂಖ್ಯಾ ಹೇಳ್ರಿ. ರಾಣೆಬೆನ್ನೂರಿನ್ಯಾಗ ಡೆಮೊ ಕೊಡೂವಾಗ "ಇಲ್ಲಿ 14 ಅಂಗಡಿ ಅದಾವ, ಬಸ್ ಸ್ಟ್ಯಾಂಡ್ ಕಡೆ 5" ಅಂದ್ರ ಮಾತು ಮುಗೀತು. ಅವ್ರು ಸಂಜಿಕಡೆ ಹೋಗಿ ತಾವೇ ಕೇಳಿ ಬರ್ತಾರ. ಆದ್ರ ಒಂದು: ಒಂದು ಊರಾಗ ಮೂರಕ್ಕಿಂತ ಕಡಿಮಿ ಇದ್ರ ಊರಿನ ಲೆಕ್ಕ ಹೇಳಬ್ಯಾಡ್ರಿ, ಯಾರು ಅಂತ ಗುರ್ತು ಸಿಕ್ಕಬಿಡ್ತದ. ತಾಲೂಕು ಸೇರಿಸಿ ಹೇಳ್ರಿ.

ಮತ್ತ ಲೋಗೋ ಗ್ವಾಡಿ (ಗಿರಾಕಿ ಅಂಗಡಿಗಳ ಹೆಸರು, ಚಿಹ್ನೆ ಸಾಲಾಗಿ ಸೈಟಿನ್ಯಾಗ ತೋರಸೂದು) ಅಂತೂ ಬ್ಯಾಡವೇ ಬ್ಯಾಡ. ಎದುರಾಳಿಗೆ ಫೋನ್ ಮಾಡಾಕ ಪಟ್ಟಿ ಬರೆದು ಕೊಟ್ಟಂಗ ಆಗ್ತದ.

ತುಂಗೆದಂಡೆ:

ಡೇಟಾ ಇಳಿಸಿ ತೋರಿಸುವ ಮಾತು ನೂರಕ್ಕೆ ನೂರು ಒಪ್ಪಿದೆ. ಒಟ್ಟು ಸಂಖ್ಯೆ ಬೇಡ ಅನ್ನೋದನ್ನು ಮಾತ್ರ ಒಪ್ಪಲ್ಲ. ಎದುರು ಕೂತು ಮಾರುವ ಕಡೆ ಊರಿನ ಲೆಕ್ಕ ನಡೆಯುತ್ತೆ. ರಾತ್ರಿ ಹತ್ತು ಗಂಟೆಗೆ ಶಟರ್ ಎಳೆದು ಮೊಬೈಲಲ್ಲಿ ಸೈಟ್ ನೋಡುವ ಹೊಸದುರ್ಗದ ಮಾಲೀಕನ ಪಕ್ಕ ನೀವು ಇರಲ್ಲ. ಅವನಿಗೆ ಏನೋ ಒಂದು ಕಾಣಬೇಕಲ್ಲ.

ಅಲ್ಲಿಗೆ ಒಟ್ಟು ಸಂಖ್ಯೆಗಿಂತ ನವೀಕರಣದ ಲೆಕ್ಕ ಹೆಚ್ಚು ಮಾತಾಡುತ್ತೆ: ಕಳೆದ ವರ್ಷ ಚಂದಾ ಮುಗಿದವರಲ್ಲಿ ಎಷ್ಟು ಜನ ಮತ್ತೆ ದುಡ್ಡು ಕಟ್ಟಿದರು. ಇದನ್ನು 318 ಭಾಗಿಸು 412 ಅಂತ ಮಾಡಿ 77% ಅಂದುಬಿಟ್ಟರೆ ತಪ್ಪು. ಇನ್ನೂ ಮೊದಲ ವರ್ಷವೇ ಮುಗಿಯದವರು ಎರಡೂ ಕಡೆ ಸೇರಿಕೊಂಡು ಲೆಕ್ಕವನ್ನು ಉಬ್ಬಿಸ್ತಾರೆ. ಆ 12 ತಿಂಗಳಲ್ಲಿ ನವೀಕರಣದ ದಿನಾಂಕ ಬಂದವರನ್ನಷ್ಟೇ ಕೆಳಗೆ ಇಡಿ, ದಿನಾಂಕ ಕಳೆದು 45 ದಿನದೊಳಗೆ ಕಟ್ಟಿದವರನ್ನು ಮೇಲೆ ಇಡಿ. ತಿಂಗಳ ಚಂದಾ ಇರುವ ಬೇರೆಯವರು ಓದುತ್ತಿದ್ದರೆ: ತಿಂಗಳಿಗೆ 3% ಬಿಟ್ಟು ಹೋಗೋದು ಸಣ್ಣದಾಗಿ ಕಾಣುತ್ತೆ, ಉಳಿಯುವ 97% ಅನ್ನು ಹನ್ನೆರಡು ಸಲ ಗುಣಿಸುತ್ತಾ ಹೋದರೆ ವರ್ಷದ ಕೊನೆಗೆ ಉಳಿಯೋದು 69%. 5% ಆದರೆ 54%. ಈ ಲೆಕ್ಕ ಮಾಡದೆ "97% ಗ್ರಾಹಕರು ಉಳಿಯುತ್ತಾರೆ" ಅಂತ ಹಾಕಿರುವ ಸೈಟ್‌ಗಳು ಎಷ್ಟೋ.

ಶೂನ್ಯಸೂಚಿ:

ಪ್ರಕಟಿಸಬೇಕೋ ಬೇಡವೋ ಅಂತ ನೀವೆಲ್ಲ ಚರ್ಚೆ ಮಾಡ್ತಿದೀರಿ. ಸಂಖ್ಯೆ ಬಹುಶಃ ಈಗಾಗಲೇ ಸೋರುತ್ತಿದೆ, ಅದನ್ನು ಮೊದಲು ನೋಡಿ.

ನಿಮ್ಮ ಇನ್‌ವಾಯ್ಸ್ ನಂಬರ್ ಯಾವ ರೀತಿ ಇದೆ? ಜಿಎಸ್‌ಟಿ ನಿಯಮ 46ರ ಪ್ರಕಾರ ಅನುಕ್ರಮವಾಗಿ, 16 ಅಕ್ಷರ ಮೀರದಂತೆ ಇರಬೇಕು. ಹಾಗಂತ ಎಲ್ಲರೂ 001ರಿಂದ ಒಂದೇ ಸಾಲು ಓಡಿಸ್ತಾರೆ. ಎದುರಾಳಿ ಪರಿಚಯದ ಅಂಗಡಿಯಿಂದ ಏಪ್ರಿಲ್‌ನಲ್ಲಿ ಒಂದು ಬಿಲ್, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಿಲ್ ನೋಡಿದರೆ ಸಾಕು, ನಡುವಿನ ವ್ಯತ್ಯಾಸವೇ ನಿಮ್ಮ ಮಾರಾಟ. ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿಗೂ ಅವಕಾಶ ಕೊಡುತ್ತೆ. ಜಿಲ್ಲೆಗೊಂದು, ಇಲ್ಲವೇ ಹೊಸ ಮಾರಾಟಕ್ಕೊಂದು ನವೀಕರಣಕ್ಕೊಂದು ಸರಣಿ ಮಾಡಿ. ನಡುವೆ ನಂಬರ್ ಹಾರಿಸಬೇಡಿ, ಅದು ಬೇರೆ ತಲೆನೋವು ತರುತ್ತೆ. ಲಾಗಿನ್ ಆದ ಮೇಲೆ ಬ್ರೌಸರ್ ಮೇಲ್ಗಡೆಯ ವೆಬ್ ವಿಳಾಸದಲ್ಲಿ "ಶಾಪ್/318" ಅಂತ ಕಾಣುತ್ತಿದ್ದರೆ ಅದನ್ನೂ ಗೊತ್ತುಗುರಿ ಇಲ್ಲದ ಉದ್ದ ಗುರುತಿಗೆ ಬದಲಾಯಿಸಿ.

ಮಾಲೀಕರ ಮೊಬೈಲ್ ಆ್ಯಪ್ ಇದ್ದರೆ ಪ್ಲೇ ಸ್ಟೋರ್ ತಾನಾಗಿ 500+, 1,000+ ಅಂತ ಡೌನ್‌ಲೋಡ್ ಅಂದಾಜು ತೋರಿಸುತ್ತೆ. ನಿಮ್ಮ ಪಾಲುದಾರರ ಮಾತು ಕೇಳಿ ಸೈಟಲ್ಲಿ ದೊಡ್ಡದು ಹಾಕಿ, ಅಲ್ಲಿ ಚಿಕ್ಕದು ಕಂಡರೆ ಗಿರಾಕಿ ನಂಬೋದು ಪ್ಲೇ ಸ್ಟೋರನ್ನು. ಆ "10,000+" ಕಂಪನಿಯ ಆ್ಯಪ್ ಪುಟವನ್ನೂ ಒಮ್ಮೆ ತೆರೆದು ನೋಡಿ, ಮನಸ್ಸು ಹಗುರ ಆಗಬಹುದು.

ಕುಣಿಯುವ ಕೌಂಟರ್ ಹಾಕಬೇಡಿ. ಅದು 0ಯಿಂದ ಶುರುವಾಗಿ ಸ್ಕ್ರಿಪ್ಟ್ ಓಡಿದಾಗ ಮೇಲೇರುವ ಆಟ. ನಿಧಾನದ ನೆಟ್‌ನಲ್ಲಿ ಸ್ಕ್ರಿಪ್ಟ್ ಬರದಿದ್ದರೆ "0+ ಸಂತೃಪ್ತ ಗ್ರಾಹಕರು" ಅಂತ ದಪ್ಪಕ್ಷರದಲ್ಲಿ ನಿಂತುಬಿಡುತ್ತೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸ್ಕ್ರೀನ್‌ಶಾಟ್ ಅದೇ. ಸಂಖ್ಯೆ ಪುಟದ ಎಚ್‌ಟಿಎಂಎಲ್‌ನಲ್ಲೇ ಸಾದಾ ಪಠ್ಯವಾಗಿ ಇರಲಿ, ಪಕ್ಕದಲ್ಲಿ ದಿನಾಂಕ.

ಬ್ಯಾಚ್‌ನಂಬರ್_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಇನ್‌ವಾಯ್ಸ್ ನಂಬರ್ ಒಂದೇ ಸರಣಿಯಲ್ಲೇ ಇದೆ, ಏಪ್ರಿಲ್‌ನಿಂದ ಬದಲಾಯಿಸ್ತೀವಿ. ಇನ್ನೆರಡು ಪ್ರಶ್ನೆ. ಒಂದು, ಹೊಸಪೇಟೆ ಕಡೆಗೆ ಡೀಲರ್ ಆಗೋಕೆ ಒಬ್ಬ ಸ್ಟಾಕಿಸ್ಟ್ ಮುಂದೆ ಬಂದಿದಾರೆ, "ಗ್ರಾಹಕರ ಪಟ್ಟಿ ಕೊಡಿ, ಪರೀಕ್ಷೆ ಮಾಡಿ ಹಣ ಹಾಕ್ತೀನಿ" ಅಂತಾರೆ. ಕೊಡಬಹುದಾ? ಎರಡು, ಡಿಸೆಂಬರ್‌ನಲ್ಲಿ ಹಾಕಿದ ಸಂಖ್ಯೆ ಜೂನ್‌ಗೆ ಇಳಿದರೆ ಏನು ಮಾಡೋದು?

ಲೆಡ್ಜರ್‌ಲೋಕ:

ಪಟ್ಟಿ ಫೈಲಾಗಿ ಕೊಡಬೇಡಿ. ಸ್ಟಾಕಿಸ್ಟ್ ಅಂದರೆ ನಿಮ್ಮ ಅಂಗಡಿಯವರಿಗೆ ಔಷಧಿ ಮಾರುವವನೂ ಹೌದು. ಯಾವ ಅಂಗಡಿಯ ಸ್ಟಾಕ್ ಎಲ್ಲಿದೆ ಅನ್ನೋದು ಅವನಿಗೆ ಬೇಕಾದ ಮಾಹಿತಿ. ಪ್ರೊಪ್ರೈಟರ್ ಹೆಸರು, ಮೊಬೈಲ್ ನಂಬರ್ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ) ಕಾಯ್ದೆಯಲ್ಲಿ ವೈಯಕ್ತಿಕ ದತ್ತಾಂಶ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕೈಗೆ ಹೋಗಕೂಡದು.

ಹೀಗೆ ಮಾಡಿ. ಹೆಸರು, ನಂಬರ್ ಮರೆಮಾಡಿದ ಹಾಳೆ ಒಂದು ತಯಾರಿಸಿ: ಕ್ರಮಸಂಖ್ಯೆ, ತಾಲೂಕು, ಚಂದಾ ಶುರುವಾದ ತಿಂಗಳು, ಕಳೆದ 30 ದಿನದಲ್ಲಿ ಬಿಲ್ ಆದ ದಿನಗಳು. ಅದರಿಂದ ಅವರೇ ತಮಗಿಷ್ಟ ಬಂದ 15 ಸಾಲು ಆರಿಸಲಿ, ನೀವು ಆರಿಸಬೇಡಿ. ಆ 15 ಅಂಗಡಿಗೆ ನೀವು ಫೋನ್ ಮಾಡಿ ಒಪ್ಪಿಗೆ ಕೇಳಿ. ಒಪ್ಪಿದವರ ಜೊತೆ ಕಾನ್ಫರೆನ್ಸ್ ಕಾಲ್‌ನಲ್ಲಿ ಮಾತಾಡಿಸಿ. ಹತ್ತು ಹನ್ನೆರಡು ಜನ ಒಪ್ಪಿದರೆ ಧಾರಾಳ ಆಯಿತು. ಜೊತೆಗೆ ಜಿಎಸ್‌ಟಿಆರ್-1ರ ಒಟ್ಟು ಮೊತ್ತ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನ ಜಮಾ ಮೊತ್ತ ಪರದೆ ಮೇಲೆ ತೋರಿಸಿ. ಇದಕ್ಕೆಲ್ಲ ಮುಂಚೆ ಗೋಪ್ಯತಾ ಕರಾರಿಗೆ ಸಹಿ ಆಗಿರಲಿ.

ಅವರು ಪರೀಕ್ಷೆ ಕೇಳೋದರಲ್ಲಿ ತಪ್ಪೇನಿಲ್ಲ. ಅಮೆರಿಕದಲ್ಲಿ ಫ್ರ್ಯಾಂಕ್ ಅನ್ನೋ ಕಂಪನಿಯನ್ನು ಜೆಪಿ ಮಾರ್ಗನ್ ಬ್ಯಾಂಕು 2021ರಲ್ಲಿ 17.5 ಕೋಟಿ ಡಾಲರ್‌ಗೆ ಕೊಂಡಿತು, 40 ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿ ಗ್ರಾಹಕರಿದ್ದಾರೆ ಅನ್ನೋ ಮಾತಿನ ಮೇಲೆ. ನಿಜಕ್ಕೂ ಇದ್ದದ್ದು ಮೂರು ಲಕ್ಷದ ಆಸುಪಾಸು, ಮಿಕ್ಕಿದ್ದು ಕೃತಕವಾಗಿ ಹುಟ್ಟಿಸಿದ ಪಟ್ಟಿ. ಕೊಂಡ ಮೇಲೆ ಆ ಪಟ್ಟಿಗೆ ಇಮೇಲ್ ಕಳಿಸಿದಾಗ ಬಹುಪಾಲು ತಲುಪಲೇ ಇಲ್ಲ. ಸ್ಥಾಪಕಿ ಚಾರ್ಲಿ ಜಾವಿಸ್ 2025ರಲ್ಲಿ ವಂಚನೆಯ ಅಪರಾಧಿ ಅಂತ ತೀರ್ಪಾಯಿತು. ಅಷ್ಟು ದೊಡ್ಡ ಬ್ಯಾಂಕು ಕೊಳ್ಳುವ ಮುಂಚೆಯೇ ಹದಿನೈದು ಫೋನ್ ಮಾಡಿದ್ದರೆ ಸಾಕಿತ್ತೇನೋ.

ತುಂಗೆದಂಡೆ:

ಇಳಿದರೆ ಇಳಿದದ್ದನ್ನೇ ಹಾಕಿ, ಹಿಂದಿನ ಸಂಖ್ಯೆಯನ್ನೂ ಪಕ್ಕದಲ್ಲಿ ಬಿಡಿ. ಸದ್ದಿಲ್ಲದೆ ತೆಗೆದರೆ ಹಳೇ ವೆಬ್ ಪುಟಗಳನ್ನು ಕಾದಿಡುವ ವೇಬ್ಯಾಕ್ ಮಷಿನ್‌ನಲ್ಲಿ ಹಳೇ ಪುಟ ಸಿಗುತ್ತೆ. ಮಾಡಬಾರದ್ದು ಅಂದರೆ, ಇಳಿದ ತ್ರೈಮಾಸಿಕದಲ್ಲೇ ವ್ಯಾಖ್ಯೆ ಬದಲಾಯಿಸೋದು. ಟ್ವಿಟರ್ 2019ರಲ್ಲಿ ತಿಂಗಳ ಬಳಕೆದಾರರ ಲೆಕ್ಕ ಕೈಬಿಟ್ಟು ದಿನದ ಹೊಸ ಲೆಕ್ಕಕ್ಕೆ ಹೋಯಿತು. ಒಬ್ಬನೇ ಹಲವು ಖಾತೆ ಜೋಡಿಸಿಕೊಂಡಿದ್ದರೆ ಅಷ್ಟನ್ನೂ ಎಣಿಸಿದ್ದೆವು ಅಂತ 2022ರಲ್ಲಿ ಆ ಹೊಸ ಲೆಕ್ಕವನ್ನೂ ತಿದ್ದಬೇಕಾಯಿತು. ನಿಮ್ಮ ನಾಲ್ಕು ಶಾಖೆಯ ಮಾಲೀಕನ ಕಥೆಯೇ ಅದು.

ವ್ಯಾಖ್ಯೆ ಬದಲಾಯಿಸಲೇಬೇಕಾಗಿ ಬಂದರೆ ಎರಡು ಸಲ, ಅಂದರೆ ಒಂದು ವರ್ಷ, ಹಳೇ ರೀತಿಯ ಲೆಕ್ಕ ಮತ್ತು ಹೊಸ ರೀತಿಯ ಲೆಕ್ಕ ಎರಡನ್ನೂ ಅಕ್ಕಪಕ್ಕ ಹಾಕಿ. ಇನ್ನು ಮೆಡಿಕಲ್ ವ್ಯಾಪಾರದಲ್ಲಿ ಇಳಿಕೆಗೆ ಕಾರಣ ಯಾವಾಗಲೂ ನಿಮ್ಮ ಸಾಫ್ಟ್‌ವೇರೇ ಆಗಿರಲ್ಲ. ಅಂಗಡಿ ಕೈಬದಲಾದರೆ ಹೊಸ ಮಾಲೀಕ ಹೊಸ ಲೈಸೆನ್ಸ್ ತೆಗೆಸ್ತಾನೆ, ನಿಮ್ಮ ಪಟ್ಟಿಯಲ್ಲಿ ಹಳೇ ನಂಬರ್ ಸತ್ತಂತೆ ಕಾಣುತ್ತೆ, ಬಿಲ್ ಮಾತ್ರ ಅದೇ ಕಂಪ್ಯೂಟರ್‌ನಿಂದ ಬರ್ತಾ ಇರುತ್ತೆ. ಬಿಟ್ಟುಹೋದವರ ಪಟ್ಟಿಯನ್ನು ಮೊದಲು ಆ ಕಣ್ಣಿಂದ ಒಂದು ಸಲ ನೋಡಿ, ಆಮೇಲೆ ಸಂಖ್ಯೆ ತಿದ್ದಿ.

ಪ್ಯಾಟಿಮಂದಿ:

ಹೊಸಪೇಟಿ ಡೀಲರ್‌ಗೆ ಒಂದು ಮಾತು ಸೇರಸ್ರಿ. ಅವ್ರು ಮಾರಿದ ಅಂಗಡಿ ಎಣಿಕಿಗೆ ಬರೂದು ಯಾವಾಗ ಅನ್ನೂದು ಕರಾರಿನ್ಯಾಗ ಇರಲಿ: ದುಡ್ಡು ನಿಮ್ಮ ಬ್ಯಾಂಕಿಗೆ ಬಂದು, 30 ದಿನ ಬಿಲ್ ಆದ ಮ್ಯಾಲೆ. ಇಲ್ಲಾಂದ್ರ ಮಾರ್ಚ್ ಕೊನೀ ವಾರದಾಗ ಟಾರ್ಗೆಟ್ ಮುಟ್ಟಸಾಕ 40 ಖಾತೆ ಒಮ್ಮೆಲೇ ತೆರೀತಾವ, ಏಪ್ರಿಲ್‌ದಾಗ ಒಂದೂ ಬಿಲ್ ಹೊಡಿಯೂದಿಲ್ಲ. ಕಮಿಷನ್ನೂ ಅವತ್ತೇ ಕೊಡ್ರಿ, ಮೊದಲ ಬ್ಯಾಡ.